ಕೋರಾ ಬಟ್ಟೆಯ ಬ್ರ್ಯಾಂಡು

ಗೋಕಾಕದಲ್ಲಿ ನಮ್ಮ ತಂದೆಯ ಗಾದಿ ಅಂಗಡಿ ಇದೆ. ಕೆಳಗೆ ಹತ್ತಿ ಹಿಂಜುವ ಯಂತ್ರ, ಅದರ ಮೇಲಿನ ಅಟ್ಟದಲ್ಲಿ ನನ್ನ ಡಿಸೈನ್ ಆಫೀಸು. ಯಂತ್ರ ಶುರುವಾದರೆ ಕಂಪ್ಯೂಟರಿನ ಕೀಲಿಗಳ ಸಂದಿಯಲ್ಲಿ ನಾರು ಕೂಡುತ್ತದೆ. ಫೋನ್ ಬಂದರೆ ನಾನು ಮೆಟ್ಟಿಲ ಮೇಲೆ ಹೋಗಿ ನಿಂತು ಮಾತಾಡುತ್ತೇನೆ. ಬಾಗಿಲಿಗೆ ‘ಬ್ರ್ಯಾಂಡಿಂಗ್’ ಎಂದು ಫಲಕ ಹಾಕಿಸಿದ್ದೇನೆ. ಅದನ್ನು ಓದಿ ಬರುವವರು ಕೇಳುವುದು ಹುಟ್ಟುಹಬ್ಬದ ಫ್ಲೆಕ್ಸು, ಲಗ್ನಪತ್ರಿಕೆ, ಟ್ರ್ಯಾಕ್ಟರ್ ಟ್ರಾಲಿಯ ಹಿಂದೆ ಬರೆಯುವ ಅಕ್ಷರ.

ಪುಣೆಯಲ್ಲಿ ಎರಡು ವರ್ಷ ಡಿಸೈನ್ ಕಲಿತು ಬಂದವನು ನಾನು. ಅಲ್ಲಿ ನನಗೆ ಕಲಿಸಿದ್ದರಲ್ಲಿ ಮುಖ್ಯವಾದದ್ದು, ಜಾಗವನ್ನು ಖಾಲಿ ಬಿಡುವುದು. ಇಲ್ಲಿಗೆ ಬಂದು ಮೊದಲ ಫ್ಲೆಕ್ಸಿನಲ್ಲಿ ಹಾಗೆ ಬಿಟ್ಟೆ. ಮಾಡಿಸಿದವರು ಅದರ ಮುಂದೆ ನಿಂತು, "ಇಷ್ಟ ಜಾಗಾ ಯಾಕ ಬಿಟ್ಟೀರಿ? ನಮ್ಮ ಮಾವನ ಫೋಟೊ ಕುಂದರ್ತಿತ್ತಲ್ರಿ" ಎಂದರು. ಮಾವನನ್ನು ಕೂರಿಸಿದೆ. ಇನ್ನೂ ಉಳಿದ ಜಾಗದಲ್ಲಿ ಮಾವನ ತಮ್ಮ ಕೂತರು.

ಆದ್ದರಿಂದ ಮೂಡಲಗಿಯ ನಮ್ಮ ಅತ್ತೆ, ಅಂದರೆ ತಂದೆಯ ತಂಗಿ, "ನನ್ನ ಕೌದಿಗೆ ಒಂದ್ ಚೀಟಿ ಮಾಡಿ ಕೊಡೋ" ಎಂದು ಫೋನ್ ಮಾಡಿದಾಗ ನಾನು ಚೀಟಿ ಎಂಬ ಮಾತನ್ನು ಕೇಳಿಸಿಕೊಂಡೆನೇ ಹೊರತು ಅಷ್ಟಕ್ಕೆ ನಿಲ್ಲಲಿಲ್ಲ. ಕೊನೆಗೂ ಒಬ್ಬರಿಗೆ ಬ್ರ್ಯಾಂಡು ಬೇಕಾಗಿದೆ ಎಂದುಕೊಂಡೆ.

ಅತ್ತೆ ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆ, ಧೋತರ, ಲಂಗದ ತುಂಡುಗಳನ್ನು ಪದರಾಗಿ ಜೋಡಿಸಿ, ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಕೈಹೊಲಿಗೆ ಹಾಕುತ್ತಾ ಬರುವ ಹಾಸಿಗೆ ಅದು. ನಡುವಿನ ತುಂಡನ್ನು ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ರೊಟ್ಟಿ ಇಡುತ್ತಾಳೆ. ಹಾಸಿಕೊಂಡವರು ಹಸಿದು ಮಲಗಬಾರದು ಎಂದು. ಬಹಳ ವರ್ಷ ಅವಳು ಒಬ್ಬ ವ್ಯಾಪಾರಿಗೆ ಹೊಲಿದು ಕೊಟ್ಟಳು. ಆತ ಅದಕ್ಕೆ ತನ್ನ ಹೆಸರು ಹಚ್ಚಿ ದೂರದ ಊರುಗಳಲ್ಲಿ ಮಾರುತ್ತಿದ್ದ. ಕಳೆದ ವರ್ಷ ಅವಳು ಅದನ್ನು ಬಿಟ್ಟಳು. ದಿಂಬು, ಬಾಗಿಲ ತೋರಣ, ರೊಟ್ಟಿ ಮುಚ್ಚುವ ಬಟ್ಟೆ, ಕೌದಿ ಎಲ್ಲವನ್ನೂ ತಾನೇ ಮಾರುವುದು ಎಂದು ನಿಶ್ಚಯಿಸಿದಳು.

ಮೊದಲ ದೊಡ್ಡ ಕೆಲಸ ಹುಕ್ಕೇರಿಯ ಒಂದು ಮನೆಯಿಂದ ಬಂತು. ನಮ್ಮವರದೇ ಮನೆ, ದೊಡ್ಡ ಕುಟುಂಬ, ಸುತ್ತಲಿನ ಊರುಗಳಲ್ಲೆಲ್ಲ ಬಳಗ. ಸೊಸೆಗೆ ಏಳು ತಿಂಗಳು ತುಂಬಿತ್ತು. ಅವಳ ತಾಯಿಯ ಸೀರೆಗಳನ್ನೂ ಅತ್ತೆಮನೆಯ ಸೀರೆಗಳನ್ನೂ ಒಂದು ಚೀಲದಲ್ಲಿ ಕಳಿಸಿ, ಬಾಣಂತಿ ಕೋಣೆಗೆ ಎರಡು ಕೌದಿ ಕೇಳಿದ್ದರು. ಹಿಂದಿನ ಸಲ ಆ ಸೊಸೆಯ ಕೂಸು ಉಳಿದಿರಲಿಲ್ಲ. ಅತ್ತೆ ಇದನ್ನು ನನಗೆ ಮೊದಲೇ ಹೇಳಿದ್ದಳು.

"ಆ ಮನಿಗೆ ಚಲೋ ಅನ್ನಿಸಿತಂದ್ರ ನನ್ನ ಕೆಲಸಾ ತನ್ನ ಕಾಲ ಮ್ಯಾಲ ನಿಂತಂಗ. ಇಲ್ಲಂದ್ರ ತಿರಗಿ ಆ ವ್ಯಾಪಾರಿ ಬಾಗಲಕ್ಕ ಹೋಗಬೇಕು. ಭಾಳ ಅಂಜಿದ ಮಂದಿ ಅವರು. ನಾಜೂಕಿಲೆ ಮಾಡಬೇಕು" ಎಂದಳು.

ನಾಜೂಕು ನನ್ನ ಕೆಲಸ, ನನಗೆ ಬಿಡು ಎಂದೆ.

ಮೊದಲು ಗುರುತು ಮಾಡಿದೆ. ಒಂದು ಚೌಕ, ಅದರೊಳಗೆ ಒಂದೇ ಹೊಲಿಗೆಯ ಗೆರೆ. ಬೂದು ಬಣ್ಣ. ಇಷ್ಟಕ್ಕೆ ಎಷ್ಟು ಸಮಯ ಹಿಡಿಯಿತು ಎಂದು ಹೇಳಿದರೆ ನಗುತ್ತೀರಿ. ಅತ್ತೆಗೆ ತೋರಿಸಿದಾಗ ಅವಳು ಕನ್ನಡಕ ಏರಿಸಿ, "ಖಿಡಕಿ ಏನು?" ಎಂದಳು. ತಂದೆಗೆ ತೋರಿಸಿದೆ. "ಮುಗಿಸಿ ತೋರಿಸು" ಎಂದರು.

ಆಮೇಲೆ ಹೊದಿಕೆಯ ಪ್ರಶ್ನೆ. ಅತ್ತೆ ಯಾವಾಗಲೂ ಕೌದಿಯನ್ನು ಮಡಚಿ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಕೊಡುತ್ತಿದ್ದಳು. ಅದು ನನಗೆ ಸರಿಬರಲಿಲ್ಲ. ಕೌದಿಯೊಳಗೆ ಕೆಂಪು, ಗಿಣಿಹಸಿರು, ಅರಿಶಿನ, ನೇರಳೆ ಎಲ್ಲ ಒಟ್ಟಿಗೆ ಗದ್ದಲ ಮಾಡುತ್ತಿರುತ್ತವೆ. ಮೇಲಿನದು ಶಾಂತವಾಗಿರಬೇಕು ಎಂದು ಯೋಚಿಸಿದೆ.

"ಕೌದಿ ಮಾತಾಡಬೇಕು ಅತ್ತಿ. ಮೇಲಿನ ಅರಬಿ ಸುಮ್ಮನ ಇರಬೇಕು."

"ಕೌದಿ ಮಾತಾಡಿದ್ರ, ಹಾಸ್ಕೊಂಡವರು ನಿದ್ದಿ ಮಾಡೂದು ಯಾವಾಗ?"

ನಮ್ಮ ಅಂಗಡಿಯಲ್ಲಿ ಕೋರಾ ಬಟ್ಟೆಯ ಥಾನುಗಳು ಇದ್ದೇ ಇರುತ್ತವೆ. ತೊಳೆಯದ, ಬಣ್ಣ ಹಾಕದ ಬಿಳಿ ಹತ್ತಿಬಟ್ಟೆ. ದಿಂಬಿನ ಒಳಚೀಲಕ್ಕೆ, ಗಾದಿಯ ಅಸ್ತರಿಗೆ ಅದೇ. ಚಿಕ್ಕಂದಿನಲ್ಲಿ ನಾನು ನಿದ್ದೆ ಮಾಡಿದ್ದು ಅದರ ಥಾನುಗಳ ಮೇಲೆ, ಓದಿದ್ದು ಅದಕ್ಕೆ ಒರಗಿ. ಪುಣೆಯಲ್ಲಿ ದುಬಾರಿ ಅಂಗಡಿಗಳು ಅಂಥದೇ ಬಟ್ಟೆಯಲ್ಲಿ ಸೋಪು ಸುತ್ತಿ ಇಟ್ಟದ್ದನ್ನು ನೋಡಿ, ನಮ್ಮಲ್ಲೂ ಇದೆಯಲ್ಲ ಎಂದು ಹೆಮ್ಮೆಪಟ್ಟಿದ್ದೆ. ಕೌದಿಯನ್ನು ಕೋರಾದಲ್ಲಿ ಸುತ್ತುವುದು ಎಂದು ತೀರ್ಮಾನವಾಯಿತು. ಅತ್ತೆಯೂ ಹುಟ್ಟಿ ಬೆಳೆದದ್ದು ಇದೇ ಅಂಗಡಿಯಲ್ಲಿ. ಅವಳಿಗೂ ಕೋರಾ ಅಂದರೆ ದಿಂಬು. ಅವಳು ಬೇಡ ಅನ್ನಲಿಲ್ಲ.

ಅತ್ತೆ ಎರಡೂ ಕೌದಿ ಹೊಲಿದು ನಮ್ಮ ಅಂಗಡಿಗೆ ತಂದಳು. ಮಡಚಿದರೆ ಹೊಲಿಗೆಯ ಮೇಲೆ ಗೆರೆ ಬೀಳುತ್ತದೆ ಎಂದು ಉದ್ದಕ್ಕೆ ಚಾಪೆಯಂತೆ ಸುರುಳಿ ಮಾಡಿಸಿದೆ. ಸುರುಳಿ ಬಿಚ್ಚಿಕೊಳ್ಳುತ್ತಿತ್ತು. ತಂದೆ ಕೆಳಗಿನಿಂದ ಬಂದು ನೋಡಿ, "ಹಿಂಗಲ್ಲೋ" ಎಂದು ಅದೇ ಬಟ್ಟೆಯ ಅಂಚನ್ನು ಪಟ್ಟಿಪಟ್ಟಿಯಾಗಿ ಹರಿದು, ಎರಡು ತುದಿಗೆ ಒಂದೊಂದು, ನಡುವೆ ಒಂದು ಕಟ್ಟಿದರು. ಗಾದಿ ಸುತ್ತಿ ಕೈಗಾಡಿಗೆ ಹಾಕುವಾಗ ನಮ್ಮಲ್ಲಿ ಹಾಗೆಯೇ ಕಟ್ಟುವುದು, ಅಜ್ಜನ ಕಾಲದಿಂದ. ನನಗೆ ಬಹಳ ಹಿಡಿಸಿತು. ಮನೆತನದ ಗಂಟು ಬ್ರ್ಯಾಂಡಿನ ಭಾಗವಾಯಿತು ಎಂದು ನನ್ನ ಟಿಪ್ಪಣಿಯಲ್ಲಿ ಬರೆದುಕೊಂಡೆ.

ಇನ್ನು ವಾಸನೆ. ಅತ್ತೆ ಹುಳ ಹತ್ತದಂತೆ ಡಾಂಬರ ಗುಳಿಗೆ ಹಾಕುತ್ತೇನೆ ಎಂದಳು. ಅದರ ವಾಸನೆ ಸಂಡಾಸದ್ದು, ಬಿಚ್ಚಿದ ಕೂಡಲೇ ಗ್ರಾಹಕರಿಗೆ ಒಂದು ಅನುಭವ ಆಗಬೇಕು ಎಂದು ನಾನು ಕರ್ಪೂರ ತಂದು, ಪುಡಿ ಮಾಡಿ, ಸುರುಳಿಯೊಳಗೆ ಉದುರಿಸಿದೆ.

ಕೊನೆಯದು, ಮಿನಿ. ಪ್ರತಿ ಗ್ರಾಹಕರಿಗೂ ಉಳಿದ ತುಂಡುಗಳಿಂದ ಒಂದು ಸಣ್ಣ ಕೌದಿ, ಉಡುಗೊರೆ. ಗೋಡೆಗೆ ತೂಗುಹಾಕಬಹುದು, ಸೋಫಾದ ಮೇಲೆ ಹಾಸಬಹುದು. ಇಲ್ಲಿ ಅತ್ತೆ ಸೂಜಿ ನಿಲ್ಲಿಸಿದಳು.

"ಕೂಸ ಹುಟ್ಟೂಕ್ಕಿಂತ ಮೊದಲ ಕೂಸಿನ ಕೌದಿ ಯಾರ್ ಕೊಡ್ತಾರೋ?"

"ಕೂಸಿಂದಲ್ಲ ಅತ್ತಿ, ಸ್ಯಾಂಪಲ್. ಎಲ್ಲಾರಿಗೂ ಕೊಡೂದು."

"ಫುಕಟ?"

"ಫುಕಟ."

ಅವಳು, ಓದಿದವನು ಹೇಳುತ್ತಾನೆ ಎಂದೋ ಏನೋ, ಹೊಲಿದಳು. ಅದನ್ನೂ ಕೋರಾದಲ್ಲಿ ಸುತ್ತಿ ಹಾಗೆಯೇ ಕಟ್ಟಿದೆವು. ಅಳತೆ ಬೇರೆಯಾದರೂ ರೂಪ ಒಂದೇ ಇರಬೇಕು ಎಂಬುದು ಬ್ರ್ಯಾಂಡಿನ ನಿಯಮ.

ಮೂರನ್ನೂ ಅಂಗಡಿಯ ಗೋಡೆಗೆ ನಿಲ್ಲಿಸಿ ಫೋಟೊ ತೆಗೆದೆ. ಅಕ್ಕಪಕ್ಕದಲ್ಲಿ ಸುತ್ತಿದ ಗಾದಿಗಳು ನಿಂತಿದ್ದವು. ನಾವು ಮೂವರೂ ಅವನ್ನು ನಿಂತ ಸ್ಥಿತಿಯಲ್ಲಷ್ಟೇ ನೋಡಿದ್ದೆವು. ಇದು ಮುಖ್ಯ, ಆದ್ದರಿಂದ ಬರೆಯುತ್ತಿದ್ದೇನೆ. ಮಲಗಿಸಿ ಯಾರೂ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಮತ್ತು ನಾನು ಗೋಕಾಕದಿಂದ ಹುಕ್ಕೇರಿಯ ಬಸ್ ಹತ್ತಿದೆವು. ಹಿಂದಿನ ಉದ್ದ ಸೀಟು ಅರ್ಧ ಖಾಲಿ ಇತ್ತು. ಎರಡು ದೊಡ್ಡ ಸುರುಳಿಗಳನ್ನು ಅದರ ಮೇಲೆ ಉದ್ದಕ್ಕೆ ಇಟ್ಟೆ. ಸಣ್ಣದನ್ನು ಅತ್ತೆ ತೊಡೆಯ ಮೇಲೆ ಇಟ್ಟುಕೊಂಡಳು. ಆ ಸೀಟಿನ ತುದಿಯಲ್ಲಿ ಕೂತಿದ್ದ ಇಬ್ಬರು ಎದ್ದು ಮುಂದೆ ಹೋಗಿ ನಿಂತರು. ಜಾಗ ಮಾಡಿಕೊಟ್ಟರು, ಒಳ್ಳೆಯ ಜನ ಎಂದುಕೊಂಡೆ. ಒಬ್ಬ ಮುದುಕ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದ. ಸೆಕೆ ಇತ್ತು. ಕಂಡಕ್ಟರು ಸಾಮಾನಿಗೆ ಟಿಕೆಟ್ ಕೇಳಲಿಲ್ಲ. ಘಟಪ್ರಭಾದಲ್ಲಿ ರೈಲಿನಿಂದ ಇಳಿದವರು ಗುಂಪಾಗಿ ಹತ್ತಿದರು, ಕಾಲಿಡಲು ಜಾಗವಿಲ್ಲದಷ್ಟು. ಆದರೂ ನಮ್ಮ ಸುತ್ತ ಒಂದು ಮೊಳ ಖಾಲಿ ಉಳಿಯಿತು. ಎಲ್ಲರೂ ತಿರುಗಿ ತಿರುಗಿ ನೋಡುತ್ತಿದ್ದರು.

ಅವು ಹೆಣಗಳು ಎಂದು ಯಾರೂ ನಿಜವಾಗಿ ತಿಳಿದಿರಲಿಕ್ಕಿಲ್ಲ. ಹೆಣವನ್ನು ಯಾರೂ ಹಾಗೆ ಬಸ್ಸಿನಲ್ಲಿ ಒಯ್ಯುವುದಿಲ್ಲ. ಆದರೆ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಹತ್ತಿರ ಬರುವಷ್ಟು ಧೈರ್ಯವೂ ಯಾರಿಗೂ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಅನ್ನಿಸಿದ್ದು ಬೇರೆ. ನಾನು ಅತ್ತೆಯ ಕಿವಿಯಲ್ಲಿ ಹೇಳಿದೆ: "ನೋಡಿದ್ಯಾ? ಒಬ್ಬರೂ ಕಣ್ಣ ತೆಗೀವಲ್ರು. ಇದಕ್ಕ ಅಂತಾರ ಡಿಸೈನು."

ಮುಂದಿನ ಸೀಟಿನ ಹೆಂಗಸು ಬಹಳ ಹೊತ್ತು ತಡೆದು, ಕೊನೆಗೆ ಅತ್ತೆಯ ತೊಡೆಯ ಕಡೆ ನೋಡಿ ಮೆಲ್ಲಗೆ ಕೇಳಿದಳು: "ಸಣ್ಣದು... ಯಾರದ್ರೀ ಯವ್ವಾ?"

"ಇದು ಹಂಗ ಜೋಡಿ ಬಂದದ್ರೀ" ಎಂದಳು ಅತ್ತೆ, "ದೊಡ್ಡು ಎರಡು ಒಯ್ದವರಿಗೆ ಕೊಡೂದು."

ಆ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡು ಮುಂದಕ್ಕೆ ತಿರುಗಿದವಳು ಹುಕ್ಕೇರಿಯವರೆಗೆ ಹಿಂದೆ ನೋಡಲಿಲ್ಲ.

ಆ ಮನೆಯ ಮುಂದೆ ಉದ್ದನೆಯ ಕಟ್ಟೆ. ಬಾಗಿಲು ತೆರೆದಿತ್ತು, ಯಾರೂ ಕಾಣಲಿಲ್ಲ. ಕೈ ಸೋತಿದ್ದರಿಂದ ನಾನು ಸುರುಳಿಗಳನ್ನು ಕಟ್ಟೆಯ ಮೇಲೆ ಇಟ್ಟೆ. ಎರಡು ದೊಡ್ಡವು, ಅವುಗಳ ಪಕ್ಕದಲ್ಲಿ ಸಣ್ಣದು. ಸಾಲು ನೆಟ್ಟಗಿರಬೇಕೆಂದು ತುದಿಗಳನ್ನು ಸಮ ಮಾಡಿದೆ. ಹಿಂದೆ ಸರಿದು ನೋಡಿದೆ. ಚೆನ್ನಾಗಿ ಕಾಣುತ್ತಿದೆ ಎಂದೇ ಅನ್ನಿಸಿತು.

ಮನೆಯ ಹಿರಿಯ ಹೆಂಗಸು ಹೊರಗೆ ಬಂದರು. ಸೊಸೆಗೆ ಅವರು ಅತ್ತೆ. ನಾನು ಸಲಾಂ ಹೇಳಿದೆ. ಅವರು ಕಟ್ಟೆಯನ್ನು ನೋಡಿದರು. ಮೊದಲು ದೊಡ್ಡವನ್ನು, ಆಮೇಲೆ ಸಣ್ಣದನ್ನು. ನಂತರ ಎರಡೂ ಕೈಗಳಿಂದ ಬಾಗಿಲಿನ ಚೌಕಟ್ಟಿನ ಎರಡೂ ಬದಿ ಹಿಡಿದು, ಬಾಗಿಲು ತುಂಬ ನಿಂತರು. ಒಳಗಿನಿಂದ ಯಾರಿಗೂ ಹೊರಗಿನದು ಕಾಣದ ಹಾಗೆ.

"ಒಳಗ ತರಬ್ಯಾಡ್ರಿ" ಎಂದರು. ದನಿ ಮೇಲೇರಿರಲಿಲ್ಲ.

ನಾನು, "ಕೌದಿರೀ, ನೀವ ಹೇಳಿದ್ದು" ಎಂದೆ.

"ಗೊತ್ತೈತಿ. ಒಳಗ ತರಬ್ಯಾಡ್ರಿ."

ಗಾಳಿ ಆ ಕಡೆ ಬೀಸಿರಬೇಕು. ಕರ್ಪೂರದ ವಾಸನೆ ನನಗೇ ಬಂತು. ಆಗ ನನ್ನ ಪಕ್ಕದಲ್ಲಿ ಅತ್ತೆ ಒಂದು ಶಬ್ದ ಮಾಡಿದಳು. ಮಾತಲ್ಲ, ಉಸಿರು ಒಳಗೆ ಎಳೆದುಕೊಂಡ ಸದ್ದು. ನಾನು ಅವಳನ್ನು ನೋಡಿದೆ, ಅವಳು ನೋಡುತ್ತಿದ್ದ ಕಡೆ ನೋಡಿದೆ. ಆಗ ಕಂಡಿತು.

ನಮ್ಮ ಮುಸಲ್ಮಾನರಲ್ಲಿ ಸತ್ತವರನ್ನು ಬಿಳಿ ಕೋರಾ ಬಟ್ಟೆಯಲ್ಲಿ ಸುತ್ತುತ್ತಾರೆ. ಕರ್ಪೂರ ಹಾಕುತ್ತಾರೆ. ತಲೆಯ ಮೇಲೊಂದು, ಸೊಂಟಕ್ಕೊಂದು, ಕಾಲ ಕೆಳಗೊಂದು, ಅದೇ ಬಟ್ಟೆಯ ಪಟ್ಟಿಯಿಂದ ಕಟ್ಟುತ್ತಾರೆ. ಇದನ್ನು ಓದಿ ತಿಳಿದವನಲ್ಲ ನಾನು; ಅಜ್ಜನನ್ನು ಎತ್ತಿದಾಗ ಕಾಲ ಕಡೆ ನಿಂತವನು. ಬಟ್ಟೆ ಬೇರೆ, ಕರ್ಪೂರ ಬೇರೆ, ಗಂಟು ಬೇರೆ ಎಂದು ಬಿಡಿಬಿಡಿಯಾಗಿ ಯೋಚಿಸಿ, ಒಂದೊಂದಕ್ಕೂ ಒಂದೊಂದು ಸಮರ್ಥನೆ ಬರೆದು, ಬಸುರಿಯ ಮನೆ ಬಾಗಿಲಿಗೆ ಮೂರು ಕಫನ್ ತಂದು ಇಟ್ಟಿದ್ದೆ. ಒಂದು ಕೂಸಿನ ಅಳತೆಯದು. ಉಡುಗೊರೆ.

ಒಳಗಿನಿಂದ ಸೊಸೆಯ ದನಿ ಬಂತು. "ಯಾರ್ ಬಂದಾರ್ರಿ, ಅತ್ತಿ?"

"ಕೌದಿಯವರು" ಎಂದರು ಹಿರಿಯರು, ತಿರುಗದೆ. "ನೀ ಕುಂದರ್ವಾ. ಏಳಬ್ಯಾಡ."

"ಬಂದೆ, ನೋಡತೇನಿ."

ಹಿರಿಯ ಹೆಂಗಸು ನಮ್ಮನ್ನು ನೋಡಿ ತುಟಿಯಲ್ಲೇ ಹೇಳಿದರು: "ಬಿಚ್ಚರಿ."

ಅತ್ತೆ ಒಂದಕ್ಕೆ ಕೈ ಹಾಕಿದಳು, ನಾನು ಇನ್ನೊಂದಕ್ಕೆ. ಗಂಟು ಬಿಚ್ಚಲಿಲ್ಲ. ಕೈಗಾಡಿಯಲ್ಲಿ ಊರೆಲ್ಲ ಕುಲುಕಿದರೂ ಸಡಿಲಾಗದ ಗಂಟು ಅದು. ಮನೆತನದ ಗಂಟು. ಕತ್ತರಿ ತಂದಿರಲಿಲ್ಲ. ನನ್ನ ಚೀಲದಲ್ಲಿ ಇದ್ದದ್ದು ಅಳತೆಪಟ್ಟಿ ಮತ್ತು ಬೂದು ಬಣ್ಣದ ನಮೂನೆಗಳ ಒಂದು ಕಟ್ಟು. ನಾನು ಮಂಡಿಯೂರಿ ಕೂತು ಹಲ್ಲಿನಿಂದ ಕಚ್ಚಿದೆ. ಬಾಯಿಗೆಲ್ಲ ಕರ್ಪೂರ. ಬಿಚ್ಚಿದ ಕೂಡಲೇ ಒಂದು ಅನುಭವ ಆಗಬೇಕೆಂದಿದ್ದೆನಲ್ಲ, ಆಯಿತು.

ಅತ್ತೆ ಗಂಟಿನ ತಂಟೆಗೆ ಹೋಗದೆ ಪಟ್ಟಿಯನ್ನು ತುದಿಯಿಂದ ಜಾರಿಸಿ ಎಳೆದಳು. ನನಗೂ ಅದು ಆಗ ಹೊಳೆಯಿತು. ಬಟ್ಟೆ ಬಿಚ್ಚಿ ಬಂತು. ಈಗ ಅದನ್ನು ಎಲ್ಲಿಡುವುದು? ಒಳಗೆ ಹೆಜ್ಜೆ ಕೇಳಿಸುತ್ತಿತ್ತು, ನಿಧಾನ, ಭಾರ. ನಾನು ಅಂಗಿಯ ಎರಡು ಗುಂಡಿ ತೆಗೆದು ಸಿಕ್ಕಷ್ಟು ಬಟ್ಟೆಯನ್ನು ಒಳಗೆ ತುರುಕಿದೆ. ಎರಡನೆಯದನ್ನೂ ತುರುಕಿದೆ. ಸಣ್ಣದನ್ನು ಅತ್ತೆ ಬಿಚ್ಚಿ, ಅದರ ಬಟ್ಟೆಯನ್ನೂ ನನ್ನ ಅಂಗಿಯೊಳಗೆ ಕೊರಳ ಕಡೆಯಿಂದ ತಳ್ಳಿದಳು, ದಿಂಬು ತುಂಬುವ ಕೈಯಿಂದ, ಮೂಲೆಮೂಲೆಗೂ.

ಸೊಸೆ ಬಾಗಿಲಿಗೆ ಬಂದಳು. ಕಟ್ಟೆಯ ಮೇಲೆ ಎರಡು ಕೌದಿಗಳು ಬಣ್ಣಬಣ್ಣವಾಗಿ ಹರಡಿದ್ದವು. ಅವುಗಳ ನಡುವೆ ನಾನು ಕೂತಿದ್ದೆ, ಬಾಯಲ್ಲಿ ಒಂದು ದಾರದ ತುಂಡು, ಮುಂದೆ ಅವಳದಕ್ಕಿಂತ ದೊಡ್ಡ ಹೊಟ್ಟೆ. ಅವಳು ನನ್ನ ಹೊಟ್ಟೆ ನೋಡಿದಳು, ತನ್ನದು ನೋಡಿದಳು, ಸೆರಗು ಅಡ್ಡ ಹಿಡಿದು ನಕ್ಕಳು. ನಿಲ್ಲಿಸಲಾಗದೆ ಗೋಡೆ ಹಿಡಿದು ನಕ್ಕಳು.

"ಇವರ್ಯಾರ್ರಿ?"

"ನಮ್ಮ ಅಣ್ಣನ ಮಗ" ಎಂದಳು ಅತ್ತೆ. "ಗಾದಿ ಅಂಗಡಿಯವ."

ಸೊಸೆ ಬಗ್ಗಲಾರದೆ ಬಗ್ಗಿ ಕೌದಿಯ ಮೇಲೆ ಕೈಯಾಡಿಸಿದಳು. ಒಂದು ಹಸಿರು ತುಂಡಿನ ಮೇಲೆ ಬೆರಳು ನಿಂತಿತು. "ಇದು ನಮ್ಮವ್ವಂದು. ಲಗ್ನದಾಗ ಉಟ್ಟಿದ್ಲು." ಆಮೇಲೆ ಮೂಗು ಸುಕ್ಕಿಸಿದಳು. "ಏನ ವಾಸನಿ?"

ಹಿರಿಯರ ಮುಖದಲ್ಲಿ ಏನೂ ಬದಲಾಗಲಿಲ್ಲ. "ನುಸಿ ಹತ್ತಬಾರದಂತ ಹಾಕ್ಯಾರ. ಬಿಸಲಿಗೆ ಹಾಕಿದ್ರ ಹೋಗತೈತಿ."

ಸಣ್ಣ ಕೌದಿ ಎಲ್ಲಿ ಹೋಯಿತೆಂದು ಹುಡುಕಿದೆ. ಹಿರಿಯರು ಅದನ್ನು ಯಾವಾಗಲೋ ಎತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಸೊಸೆ ಕೇಳಿದ್ದಕ್ಕೆ, "ಇದು ನನಗ. ಮಣಕಾಲಿಗೆ" ಎಂದರು.

ಚಹಾ ಕೊಟ್ಟರು. ಅಂಗಿಯೊಳಗಿನ ಹೊಟ್ಟೆಯ ಮೇಲೆ ಬಟ್ಟಲು ಇಟ್ಟುಕೊಂಡು ಕುಡಿದೆ. ಹೊರಡುವಾಗ ಹಿರಿಯರು ಅತ್ತೆಯನ್ನು ಗೋಡೆಯ ಕಡೆ ಕರೆದು ಹೇಳಿದ್ದು ನನಗೂ ಕೇಳಿಸಿತು. "ಕೈ ಚಲೋ ಐತಿ ನಿಮ್ದು. ಇವತ್ತಿಂದು ನಾ ಯಾರ ಮುಂದೂ ಆಡಾಂಗಿಲ್ಲ. ಆದ್ರ ನನಗ ಅಂಜಿಕಿ ಹೊಕ್ಕೈತಿ, ಸುಳ್ಳ ಯಾಕ ಹೇಳಲಿ? ಕೂಸು ಬರಲಿ. ಆಮ್ಯಾಲ ನೋಡೂಣು."

ಹಿಂದಿರುಗುವ ಬಸ್ಸಿನಲ್ಲಿ ಅತ್ತೆಗೆ ನಾನು, ಇದೆಲ್ಲ ನಂಬಿಕೆಯ ಮಾತು, ಬಟ್ಟೆಯಿಂದ ಏನೂ ಆಗುವುದಿಲ್ಲ ಎಂದು ಹೇಳಲು ಶುರು ಮಾಡಿ, ನನ್ನ ದನಿ ನನಗೇ ಸರಿಯೆನಿಸದೆ ನಿಲ್ಲಿಸಿದೆ. ಅಂಗಿಯೊಳಗೆ ಕೋರಾ ಕೆರೆಯುತ್ತಿತ್ತು.

ಮುಂದಿನ ಎರಡು ತಿಂಗಳು ಅತ್ತೆ ಹೊಸ ಕೌದಿ ಹಿಡಿಯಲಿಲ್ಲ. ಕುಲಗೋಡದಿಂದ ಒಬ್ಬರು ಸೀರೆಗಳ ಗಂಟು ತಂದರೆ, ಈಗ ಕೈ ಖಾಲಿ ಇಲ್ಲ ಎಂದು ಕಳಿಸಿದಳು. ಕೈ ಖಾಲಿಯೇ ಇತ್ತು. ಹಳೆಯ ವ್ಯಾಪಾರಿ ಎರಡು ಸಲ ಬಂದು ಹೋದನೆಂದು ಕೇಳಿದೆ. ನಾನು ಅವಳಿಗೆ ಹೊಸ ಹೊದಿಕೆಯ ಮೂರು ನಮೂನೆ ಕಳಿಸಿದೆ, ಕೆಂಪು, ಹಸಿರು, ಹೂವಿನದು. ಉತ್ತರ ಬರಲಿಲ್ಲ. ಹುಕ್ಕೇರಿಯ ಕಡೆಯ ನಂಬರಿನಿಂದ ಯಾವ ಫೋನ್ ಬಂದರೂ ನಾನು ಮೆಟ್ಟಿಲ ಮೇಲೆ ಹೋಗಿ ನಿಲ್ಲುತ್ತಿದ್ದೆ, ಯಂತ್ರ ನಿಂತಿದ್ದರೂ. ಮಾಡಿದ ಫ್ಲೆಕ್ಸುಗಳಲ್ಲಿ ಒಂದಿಂಚೂ ಬಿಳಿ ಉಳಿಯದಂತೆ ನೋಡಿಕೊಂಡೆ. ಗ್ರಾಹಕರು, ಈಗ ಕಲಿತಿದ್ದಾನೆ ಎಂದರಂತೆ.

ಒಂದು ಮಧ್ಯಾಹ್ನ ಅತ್ತೆಯ ಫೋನು. ಹಲೋ ಅನ್ನಲಿಲ್ಲ.

"ಹೆಣ್ಣು. ಇಬ್ಬರೂ ಚಲೋ ಅದಾರಂತ." ಆಮೇಲೆ, "ತೊಟ್ಟಲಿಗೆ ಕೌದಿ ಕೇಳ್ಯಾರ. ಬರ್ತಿಯೇನು? ಬಂದ್ರ ಬರೇಗೈಲೆ ಬಾ."

ಬರಿಗೈಯಲ್ಲೇ ಹೋದೆ. ಅತ್ತೆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹೆಗಲ ಮೇಲೆ ಹಾಕಿಕೊಂಡಿದ್ದಳು. ಬಸ್ಸಿನಲ್ಲಿ ಪಕ್ಕದವರು ಅದನ್ನು ಮುಟ್ಟಿ ಮುಟ್ಟಿ ನೋಡಿ, ಯಾವ ಊರು, ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದರು. ಅವಳು ರಸ್ತೆಯನ್ನೇ ನೋಡುತ್ತಿದ್ದಳು.

ಆ ಮನೆಯಲ್ಲಿ ಈ ಸಲ ನಮ್ಮನ್ನು ಒಳಗಿನ ಪಡಸಾಲೆಯವರೆಗೆ ಕರೆದರು. ಹಿರಿಯರು ಕೌದಿಯನ್ನು ಕೈಗೆ ತೆಗೆದುಕೊಂಡು, ತಿರುವಿ, ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿ ನೋಡಿದರು. ದಾರದ ಗಂಟು ಹೊರಗೆ ಉಳಿದ ಜಾಗ ಹುಡುಕಿದರು, ಸಿಗಲಿಲ್ಲ. ನೆಲದ ಮೇಲೆ ಹಾಸಿ, ಒಳಗಿನಿಂದ ಕೂಸನ್ನು ತಂದು ಅದರ ಮೇಲೆ ಮಲಗಿಸಿದರು. ನಾನು ರೂಢಿಯಂತೆ ಫೋಟೊಕ್ಕೆಂದು ಫೋನ್ ತೆಗೆದೆ. ಅತ್ತೆ ನನ್ನ ಮುಖ ನೋಡಿದಳು. ಜೇಬಿಗೆ ಹಾಕಿದೆ.

ಕೂಸು ಕಣ್ಣು ಬಿಟ್ಟು ಮೇಲೆ ನೋಡಿತು, ಮುಖ ಕೆಂಪಗೆ ಮಾಡಿತು, ಕಾಲು ಬಡಿಯಿತು. ಕೌದಿಯ ಹಳದಿ ತುಂಡಿನ ಮೇಲೆ ಒದ್ದೆ ನಿಧಾನವಾಗಿ ಹರಡಿತು.

"ಅಯ್ಯ, ಹೊಸಾದರ ಮ್ಯಾಲ!" ಎಂದು ಸೊಸೆ ಬಾಗಿಲಿನಿಂದ ಕೂಗಿದಳು.

"ಇರಲಿ ಬಿಡು. ಅದಕ್ಕ ಹೊಲಿಸಿದ್ದು" ಎಂದರು ಹಿರಿಯರು.

ಅತ್ತೆ ಮುಂದಕ್ಕೆ ಬಾಗಿ ಆ ಒದ್ದೆಯ ಮೇಲೆ ಅಂಗೈ ಇಟ್ಟಳು. ತೆಗೆಯುತ್ತಾಳೆ ಎಂದುಕೊಂಡೆ, ತೆಗೆಯಲಿಲ್ಲ.

"ಬೆಚ್ಚಗೈತಿ" ಎಂದಳು.